ಕೈಸರ್ ಮೀಸೆ ಕಿತ್ತ ಹನ್ನೊಂದು ಸೆಕೆಂಡು

ಇದನ್ನು ಬರೆಯಲು ಕೂತು ಎಷ್ಟೋ ಸಲ ಎದ್ದುಹೋಗಿದ್ದೇನೆ. ಪ್ರತಿ ಸಲವೂ ಏನೋ ಒಂದು ನೆಪ ಸಿಗುತ್ತಿತ್ತು. ಈಗ ನೆಪಗಳು ಮುಗಿದಿವೆ.

1999. ಮೆನ್ಲೋ ಪಾರ್ಕಿನ ಒಂದು ಡಾಟ್‌ಕಾಮ್ ಕಂಪನಿ ಹಳೆಯ ಮೂಕಿ ಚಿತ್ರಗಳನ್ನು ಇಂಟರ್‌ನೆಟ್ಟಿಗೆ ಹಾಕಲು ಹೊರಟಿತ್ತು. ಅಲ್ಲಿ ರೀಲುಗಳನ್ನು ಸ್ಕ್ಯಾನ್ ಮಾಡುವುದು ನನ್ನ ಕೆಲಸ. ಓದಿದ್ದು ಎಸ್ಸೆಸ್ಸೆಲ್ಸಿ. ಬೆಂಗಳೂರಿನ ಟಾಕೀಸೊಂದರಲ್ಲಿ ಇಪ್ಪತ್ತೆರಡು ವರ್ಷ ಆಪರೇಟರ್ ಆಗಿದ್ದು, ಅಕ್ಕ ಕರೆಸಿಕೊಂಡದ್ದರಿಂದ ಅಮೆರಿಕಕ್ಕೆ ಬಂದಿದ್ದೆ. ರೀಲುಗಳನ್ನು ಪರೀಕ್ಷಿಸಿ ನನಗೆ ಕೊಡುತ್ತಿದ್ದವಳು ಹುಬ್ಬಳ್ಳಿಯ ಹೆಣ್ಣುಮಗಳು, ಕೆಮಿಸ್ಟ್ರಿ ಎಂ.ಎಸ್ಸಿ. ಆಕೆಯ ವೀಸಾ ಆ ಕಂಪನಿಯ ಹೆಸರಿನಲ್ಲಿತ್ತು. ಕೆಲಸ ಹೋದರೆ ದೇಶ ಬಿಡಬೇಕು.

ಆ ವಾರ ಬಂದದ್ದು ಮೊದಲ ಮಹಾಯುದ್ಧದ ಪ್ರಚಾರದ ಚಿತ್ರಗಳು. ಎಲ್ಲದರಲ್ಲೂ ಜರ್ಮನಿಯ ದೊರೆ ಕೈಸರನೇ ರಾಕ್ಷಸ. ಮೇಲಕ್ಕೆ ತಿರುಚಿದ ಮೀಸೆ, ಮೊನೆಯ ಟೋಪಿ, ಹಿಂದೆ ಉರಿಯುವ ಹಳ್ಳಿ. ಎಲ್ಲ ನೈಟ್ರೇಟ್ ಫಿಲ್ಮು. ಹಳೆಯದಾದರೆ ಅಂಟಂಟಾಗುತ್ತದೆ, ಕಿಡಿ ತಾಗಿದರೆ ಭಗ್ಗೆನ್ನುತ್ತದೆ.

ಒಂದು ರೀಲಿನಲ್ಲಿ ಕಥೆ ಮುಗಿದ ಮೇಲೂ ಕ್ಯಾಮೆರಾ ನಿಂತಿರಲಿಲ್ಲ. ಕೈಸರನ ವೇಷದ ನಟ ಮೀಸೆ ಕಿತ್ತು, ಯಾರನ್ನೋ ನೋಡಿ ನಗುತ್ತಾನೆ. ಹನ್ನೊಂದು ಅಡಿ; ಮೂಕಿಯ ವೇಗದಲ್ಲಿ ಸುಮಾರು ಹನ್ನೊಂದು ಸೆಕೆಂಡು. ಆ ತುದಿಯ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಆಕೆ ಅದನ್ನು ರೀಲಿನ ವಿವರ ದಾಖಲಿಸುವ ಲಾಗ್ ಶೀಟಿನಲ್ಲಿ ಬರೆದು ಸಹಿ ಹಾಕಿದಳು. ನಮಗೆ ತಿಳಿದಂತೆ ಬೇರೆ ಪ್ರತಿ ಇರಲಿಲ್ಲ.

ಶುಕ್ರವಾರ ವೀಸಾ ಕಾಗದಗಳಿಗೆಂದು ವಕೀಲರ ಬಳಿ ಹೊರಟವಳು ಬಾಗಿಲಲ್ಲಿ ನಿಂತು ಹೇಳಿದಳು: “ಅಣ್ಣಾರ, ಆ ತುದಿ ಮುಟ್ಟಬ್ಯಾಡ್ರಿ, ನಾ ಬಂದು ಬಿಡಿಸ್ತೀನಿ. ಇದು ನಿಮ್ಮ ಟಾಕೀಸ್ ಅಲ್ಲ, ಪಿಚ್ಚರ್ ನಿಂತ್ರ ಇಲ್ಲಿ ಯಾರೂ ಸೀಟಿ ಹೊಡ್ಯಂಗಿಲ್ಲ.”

ನಾನೂ ನಕ್ಕೆ. ಆದರೆ ಮಾತು ಚುಚ್ಚಿತು.

ಅರ್ಧ ಗಂಟೆಗೆ ಮ್ಯಾನೇಜರ್ ಬಂದ. ನಾಲ್ಕಕ್ಕೆ ಹೂಡಿಕೆದಾರರು ಬರುತ್ತಾರೆ, ಅಷ್ಟರಲ್ಲಿ ಆ ರೀಲು ಸ್ಕ್ಯಾನ್ ಆಗಿರಲೇಬೇಕು ಎಂದ. ಅಂಟಿದ ತುದಿ ಯಂತ್ರದಲ್ಲಿ ಸಿಕ್ಕಿದರೆ ರೀಲೇ ಹರಿಯಬಹುದಿತ್ತು. ಟಾಕೀಸಿನಲ್ಲಿ ಇಂಥ ತುಂಡುಗಳನ್ನು ಲೆಕ್ಕವಿಲ್ಲದಷ್ಟು ಸಲ ಕತ್ತರಿಸಿದ್ದ ಕೈ ಬ್ಲೇಡು ಹುಡುಕಿತು. ತಪ್ಪನ್ನು ಕೈಯ ಮೇಲೆ ಹೊರಿಸುವುದು ಸುಲಭ. ಆಕೆಯ ಮಾತು ನನಗೆ ನೆನಪಿತ್ತು. ತುಂಡನ್ನು ರದ್ದಿ ಫಿಲ್ಮು ಮುಳುಗಿಸಿಡುವ ನೀರಿನ ಡ್ರಮ್ಮಿಗೆ ಹಾಕಿದೆ. ಸಂಜೆ ಡ್ರಮ್ಮು ಲಾರಿ ಹತ್ತಿತು.

ಸೋಮವಾರ ಮ್ಯಾನೇಜರ್ ಲಾಗ್ ಶೀಟು ಓದಿದ. ಮೀಸೆ ಕೀಳುವ ದೃಶ್ಯವನ್ನೇ ವೆಬ್‌ಸೈಟಿನ ಮೊದಲ ಪುಟಕ್ಕೆ ಹಾಕೋಣವೆಂದು ಹುಡುಕಿದರೆ ಸ್ಕ್ಯಾನಿನಲ್ಲಿ ಅದಿಲ್ಲ. ರೀಲು ಅಳೆದರು. ಹನ್ನೊಂದು ಅಡಿ ಕಡಿಮೆ. ನಮ್ಮಿಬ್ಬರನ್ನೂ ಕರೆಸಿ ಮೊದಲು ನನ್ನನ್ನು ಕೇಳಿದ. ಆಕೆಯ ಬೆಂಚಿನಿಂದ ಬಂದದ್ದನ್ನು ಬಂದ ಹಾಗೇ ಯಂತ್ರಕ್ಕೆ ಹಾಕಿದೆ ಎಂದೆ.

ತಾನು ಕತ್ತರಿಸಿಲ್ಲ ಎಂದಷ್ಟೇ ಆಕೆ ಇಂಗ್ಲಿಷಿನಲ್ಲಿ ಹೇಳಿದಳು. ರೀಲಿನ ಕೊನೆಯನ್ನು ಬೆಳಕಿಗೆ ಹಿಡಿದಳು. ನಾನು ಯಾವಾಗಲೂ ಓರೆಯಾಗಿ ಕತ್ತರಿಸುತ್ತಿದ್ದೆ. ಅದು ಆಕೆಗೆ ಗೊತ್ತಿತ್ತು. ನನ್ನತ್ತ ತಿರುಗಿ ಕನ್ನಡದಲ್ಲಿ ಮೆಲ್ಲಗೆ ಅಂದಳು:

“ಅಣ್ಣಾರ, ನೀವಽ ಹೇಳ್ರಿ.”

ಏನಂದಳು ಎಂದು ಮ್ಯಾನೇಜರ್ ನನ್ನನ್ನೇ ಕೇಳಿದ.

“ಏನಿಲ್ಲ ಸಾರ್” ಎಂದೆ.

ಅದೇ ವಾರ ಆಕೆಯನ್ನು ತೆಗೆದರು. ತಿಂಗಳೊಳಗೆ ಹುಬ್ಬಳ್ಳಿಗೆ ಹಿಂದಿರುಗಿದಳೆಂದು ಕೇಳಿದೆ. ನಾನು ಅದೇ ಯಂತ್ರದ ಮುಂದೆ ಮತ್ತೆರಡು ವರ್ಷ ಕೂತೆ, ಕಂಪನಿ ಮುಚ್ಚುವವರೆಗೆ.

ತಪ್ಪನ್ನೆಲ್ಲ ಹೊರಿಸಲು ಒಂದು ಮುಖ ಸಿಕ್ಕರೆ ಉಳಿದವರೆಲ್ಲ ಎಷ್ಟು ಹಗುರಾಗುತ್ತಾರೆ ಎಂಬುದನ್ನು ಆ ಚಿತ್ರಗಳು ನನಗೆ ದಿನವೂ ತೋರಿಸುತ್ತಿದ್ದವು. ಎಂಥ ಸುಳ್ಳು ಎಂದು ನಗುತ್ತಿದ್ದೆ. ನನ್ನ ಸರದಿ ಬಂದಾಗ ನಾನೂ ಅದನ್ನೇ ಮಾಡಿದೆ. ಕತ್ತರಿಸಿದವನು ಅಲ್ಲೇ ಲಾಗ್ ಶೀಟಿನಲ್ಲಿ ಬರೆದು ಸಹಿ ಹಾಕಬೇಕೆನ್ನುವುದು ನಮ್ಮ ಕೆಲಸದ ಮೊದಲ ನಿಯಮ. ತಡವಾಗಿ ಬರೆಯುತ್ತಿದ್ದೇನೆ: ಕತ್ತರಿಸಿದ್ದು ನಾನು. ಶಿಕ್ಷೆ ಅನುಭವಿಸಿದವಳು, ಇವತ್ತಿಗೂ ನಾನು ಯಾರ ಕ್ಷಮೆ ಕೇಳಿಲ್ಲವೋ ಅವಳು, ನಸೀಮಾ ಬಾನು.