ನೀರಾನೆಯ ಎದುರಿನ ಬೆಂಚು

ಮೃಗಾಲಯದಲ್ಲಿ ನಾನು ಇತ್ತೀಚಿನವರೆಗೆ ಒಂದು ಪ್ರಾಣಿಯನ್ನೂ ಪೂರ್ತಿಯಾಗಿ ನೋಡಿರಲಿಲ್ಲ. ಹೋಗಿರಲಿಲ್ಲವೆಂದಲ್ಲ. ನೌಕರಿಗೆಂದು ಹೈದರಾಬಾದಿಗೆ ಬಂದು, ಇಲ್ಲೇ ನಿವೃತ್ತನಾಗಿ, ದಿಲ್‌ಸುಖ್‌ನಗರದಲ್ಲಿ ಬೇರುಬಿಟ್ಟ ನನ್ನಂಥ ಗದಗಿನವನಿಗೆ ಮೃಗಾಲಯಕ್ಕೆ ಹೋಗದೆ ಇರುವ ಸ್ವಾತಂತ್ರ್ಯವೇ ಇಲ್ಲ. ಊರಿಂದ ಬಂದ ನೆಂಟರೆಲ್ಲ ಚಾರ್‌ಮಿನಾರ್ ಮುಗಿದ ಕೂಡಲೇ ಕೇಳುವುದು ಅದನ್ನೇ. ತೊಂದರೆ ಇರುವುದು ನನ್ನ ಕಾಲುಗಳಲ್ಲಿ. ಜಿರಾಫೆಯ ಎದುರು ನಿಂತರೆ, ಅತ್ತ ಘೇಂಡಾಮೃಗ ಎದ್ದಿರಬಹುದು ಅನ್ನಿಸುತ್ತದೆ. ಘೇಂಡಾಮೃಗದತ್ತ ಓಡಿದರೆ, ಅಯ್ಯೋ ಆನೆಯ ಸ್ನಾನ ತಪ್ಪಿಹೋಯಿತಲ್ಲ ಎಂಬ ಕಳವಳ. ಹೀಗೆ ಜಿರಾಫೆಯ ಕತ್ತು, ಘೇಂಡಾಮೃಗದ ಹಿಂಭಾಗ, ಆನೆಯ ಒಂದೇ ಕಿವಿ ಸೇರಿ ನನ್ನ ತಲೆಯೊಳಗೆ ಒಂದು ಹೊಸ ಮೃಗ ಹುಟ್ಟಿಕೊಂಡಿದೆ. ಅದನ್ನು ಸಾಕುವ ಧೈರ್ಯ ಯಾವ ಮೃಗಾಲಯಕ್ಕೂ ಇರಲಾರದು.

ಇಷ್ಟಾದರೂ ನಮ್ಮ ಬಳಗದಲ್ಲಿ ಈ ವಿಷಯಕ್ಕೆ ನಾನೇ ಪ್ರಮಾಣ. “ಏನೇನು ನೋಡಬೇಕ್ರಿ?” ಎಂದು ಯಾರಾದರೂ ಫೋನಿನಲ್ಲಿ ಕೇಳಿದರೆ ಸಾಕು, ಗಂಟಲು ಸರಿಮಾಡಿಕೊಂಡು ತೀರ್ಪು ಕೊಡುತ್ತೇನೆ. ಫೋನ್ ಇಟ್ಟ ಮೇಲೆ ಅದನ್ನು ಮರುಪರಿಶೀಲನೆಗೆ ಎತ್ತಿಕೊಳ್ಳುತ್ತೇನೆ. ಮೊದಲು ಸಿಂಹ ಅಗ್ರಸ್ಥಾನದಲ್ಲಿತ್ತು. ಅದು ಸದಾ ನಾಲ್ಕೂ ಕಾಲು ಮೇಲೆ ಮಾಡಿ ಮಲಗಿರುವುದನ್ನು ಕಂಡು ಕೆಳಗಿಳಿಸಿದೆ. ನಮ್ಮ ಸಳ ಕಠಾರಿಯಿಂದ ಇರಿದದ್ದು ಹುಲಿಯನ್ನೋ ಸಿಂಹವನ್ನೋ ಎಂಬ ಬಗ್ಗೆ ಬೇಲೂರಿನ ಶಿಲ್ಪದ ಮುಂದೆ ನಿಂತವರೆಲ್ಲ ವಾದಿಸುತ್ತಾರೆ. ನನ್ನ ಸಂಶಯವೇ ಬೇರೆ: ಅದು ಎಚ್ಚರವಾಗಿತ್ತೇ? ನಮ್ಮ ಹೈದರಾಬಾದಿನ ಮಧ್ಯಾಹ್ನದ ಸಿಂಹದಂಥದ್ದಾಗಿದ್ದರೆ ಸಳ ಮೊದಲು ಅದನ್ನು ತಟ್ಟಿ ಎಬ್ಬಿಸಬೇಕಾಗಿತ್ತು. ಶಿಲ್ಪಿ ಸಭ್ಯ, ಆ ಭಾಗವನ್ನು ಕೆತ್ತಲಿಲ್ಲ.

ಸಿಂಹದ ಜಾಗಕ್ಕೆ ಹೆಬ್ಬಾವು ಬಂತು, ಹೆಬ್ಬಾವನ್ನು ತಳ್ಳಿ ಕರಡಿ ಬಂತು. ಕರಡಿ ನನಗೆ ಬೆನ್ನು ತೋರಿಸಿದ ದಿನವೇ ಅದರ ಪದವಿ ಹೋಯಿತು. “ಪಂಚಾಂಗ ವರ್ಷಕ್ಕೊಮ್ಮೆ ಬದಲಾಗ್ತೈತ್ರಿ, ನಿಮ್ಮ ತೀರ್ಮಾನ ಚಾ ಆರೂದ್ರೊಳಗ ಬದಲಾಗ್ತೈತಿ” ಎಂದು ನನ್ನ ಹೆಂಡತಿ ಸುಮಿತ್ರಾ ಹೇಳುವುದುಂಟು. ಆದರೆ ನೀರಾನೆಯ ವಿಷಯದಲ್ಲಿ ಮಾತ್ರ ನಾನು ಅಚಲ. ಅದರದು ಯಾವಾಗಲೂ ಕೊನೆಯ ಸ್ಥಾನ. ನಾನು ಹೋದಾಗಲೆಲ್ಲ ಕಂಡದ್ದು ಹಸಿರು ನೀರಿನ ಮೇಲೆ ತೇಲುವ ಎರಡು ಮೂಗಿನ ಹೊಳ್ಳೆ. ಎರಡು ಹೊಳ್ಳೆಗಾಗಿ ನೆಂಟರನ್ನು ಬಿಸಿಲಲ್ಲಿ ನಡೆಸುವುದು ಮರ್ಯಾದಸ್ಥರ ಲಕ್ಷಣವಲ್ಲ.

ಹೀಗಿರುವಾಗ ಗದಗಿನಿಂದ ಗಂಗಕ್ಕ ಬಂದಳು. ನನ್ನ ಸ್ವಂತ ಅಕ್ಕ. ಬಂದದ್ದು ಮೊಣಕಾಲು ತೋರಿಸಲು. ಹಿಮಾಯತ್‌ನಗರದ ಎಲುಬಿನ ಡಾಕ್ಟರು ಚಿತ್ರ ತೆಗೆಸಿ, ಆಪರೇಷನ್ ಮಾಡಿಸಿದರೆ ಚೆನ್ನಾಗಿ ನಡೆಯಬಹುದು, ಅಲ್ಲಿಯವರೆಗೆ ಹೆಚ್ಚು ನಡೆಯಬೇಡಿ ಎಂದರು. ಅಕ್ಕ ಆಟೊ ಹತ್ತುವ ಮೊದಲೇ ಆ ಪ್ರಸ್ತಾಪವನ್ನು ತಿರಸ್ಕರಿಸಿದಳು.

“ಹೊಸಾ ಮೊಣಕಾಲ ಹಾಕ್ಕೊಂಡು ನಾ ಎಲ್ಲಿ ಓಡಬೇಕಾಗೇತಿ? ಬ್ಯಾಡ ಬಿಡಪಾ. ಇನ್ನ ನಾ ಈ ಊರಿಗೆ ಬರಾಂಗೂ ಇಲ್ಲ. ರೈಲಿನ ಪಾವಟಿಗಿ ಏರೂದು ನನ್ನ ಕೈಲೆ ಆಗೂದಿಲ್ಲ. ಇದಾ ಕಡೀದು.”

ಆಟೊದಲ್ಲಿ ನಾನು ಏನೇನೋ ವಾದಿಸಿದೆ. ಅಕ್ಕ ಕೇಳಿಸಿಕೊಳ್ಳದವಳ ಹಾಗೆ ಅಂಗಡಿಗಳನ್ನು ನೋಡುತ್ತಿದ್ದು, ಕೊನೆಗೆ ಅಂದಳು: “ಹುಲಿ ಐತಲ್ಲೋ ಇಲ್ಲಿ? ಹೋಗೂದ್ರೊಳಗ ಅದನ್ನಷ್ಟು ತೋರಸು.”

ಈ ಹುಲಿಗೊಂದು ಪೂರ್ವಕಥೆಯಿದೆ. ನಾನು ಚಿಕ್ಕವನಿದ್ದಾಗ ಗದಗಿಗೆ ಸರ್ಕಸ್ ಬಂದಿತ್ತು. ಜನರ ಆಸೆ ಕೆರಳಿಸಲು ಹುಲಿಯ ಬೋನನ್ನು ಪೇಟೆಯಲ್ಲಿ ಮೆರವಣಿಗೆ ಮಾಡಿಸಿದರು. ಗದ್ದಲದಲ್ಲಿ ಅಕ್ಕ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡಳು. ನನಗೆ ಹುಲಿ ಕಂಡಿತು, ಅವಳಿಗೆ ಊರ ಹಿರಿಯರ ಬೆನ್ನುಗಳು ಕಂಡವು. ಮನೆ ಮುಟ್ಟುವವರೆಗೆ ನಾನು ಹುಲಿಯನ್ನು ಬಣ್ಣಿಸಿದೆ. ಓಣಿ ಓಣಿಗೂ ಅದರ ಬಾಲ ಬೆಳೆಯಿತು. ಅಕ್ಕ ಒಂದು ಮಾತೂ ಅನುಮಾನಿಸದೆ ಕೇಳಿದಳು. ಆಮೇಲೆ ಮದುವೆ, ಮಕ್ಕಳು, ಬಾಣಂತನಗಳಲ್ಲಿ ಅವಳಿಗೆ ಹುಲಿ ನೋಡಲು ಪುರುಸೊತ್ತಾಗಲಿಲ್ಲ.

ನನ್ನ ತೀರ್ಪುಗಳಿಗೆ ಮೊದಲ ಬಾರಿಗೆ ಒಂದು ತೂಕ ಬಂತು. ಪ್ರಶ್ನೆ ಯಾವ ಪ್ರಾಣಿ ಶ್ರೇಷ್ಠ ಎಂಬುದಾಗಿರಲಿಲ್ಲ, ಅಕ್ಕನ ಮೊಣಕಾಲು ಎಷ್ಟು ಪ್ರಾಣಿಗಳನ್ನು ತಾಳಿಕೊಳ್ಳುತ್ತದೆ ಎಂಬುದಾಗಿತ್ತು. ಹುಲಿಯೊಂದೇ ಸಾಕೇ? ಅದು ಮಲಗಿದ್ದರೆ? ಕೈಗಾವಲಿಗೆ ಆನೆ ಇರಲೇ? ಆನೆ ಹುಲಿಯಿಂದ ದೂರ. ಜಿರಾಫೆ ಹತ್ತಿರ, ಆದರೆ ಅಕ್ಕನ ಕತ್ತೂ ನೋಯುತ್ತದೆ. ನಿದ್ದೆ ಬಾರದೆ, ಮರುದಿನ ನಾನೊಬ್ಬನೇ ಹೋಗಿ ಸ್ಥಳಪರೀಕ್ಷೆ ಮಾಡಿ ಬಂದೆ. “ಕನ್ಯಾ ನೋಡಾಕ ಹ್ವಾದಂಗ ಹೊಂಟಾರ ನೋಡ್ರಿ” ಎಂದು ಸುಮಿತ್ರಾ ಅಕ್ಕನಿಗೆ ವರದಿ ಮಾಡಿದಳು. ಹೋಲಿಕೆ ಸರಿಯಾಗಿತ್ತು: ಹುಲಿ ನನಗೆ ಮುಖ ತೋರಿಸಲಿಲ್ಲ.

ಗೊತ್ತುಮಾಡಿದ ದಿನ ಮೂವರೂ ಹೋದೆವು. ನಡೆಯಲಾಗದವರಿಗೆಂದು ಬ್ಯಾಟರಿ ಗಾಡಿಗಳಿವೆಯಷ್ಟೆ. ಅದರಲ್ಲಿ ಅಕ್ಕನನ್ನು ಕೂರಿಸಿದೆ. ಚಾಲಕ ಸ್ವಭಾವದಲ್ಲಿ ನನ್ನ ಒಡಹುಟ್ಟಿದವನಂತಿದ್ದ. ಎಕ್ಸ್‌ಪ್ರೆಸ್ ರೈಲಿನಿಂದ ಸಣ್ಣ ಸ್ಟೇಷನ್ನುಗಳು ಕಾಣುವ ಹಾಗೆ ಜಿಂಕೆ, ಕಡವೆ, ಮೊಸಳೆ ಸರಿದುಹೋದವು. “ಇಳಸೋ ತಮ್ಮಾ, ತಲಿ ತಿರಗಾಕತ್ತೈತಿ” ಎಂದು ಅಕ್ಕ ಕೂಗಿದಳು. ಇಳಿದೆವು. ಎದುರಿಗೊಂದು ಬೆಂಚು, ಬೆಂಚಿನ ಎದುರಿಗೆ ಹಸಿರು ನೀರು, ನೀರಿನ ಮೇಲೆ ಎರಡು ಹೊಳ್ಳೆ.

ಇಷ್ಟು ದಿನದ ಚಿಂತನೆ ಅಕ್ಕನನ್ನು ನೀರಾನೆಯ ಮುಂದೆ ತಂದು ಕೂರಿಸಿತ್ತು! “ನೀ ಇಲ್ಲೇ ಕುಂಡ್ರಕ್ಕ, ಹುಲಿ ಎದ್ದೈತೇನು ನೋಡಿ ಬರ್ತೀನಿ” ಎಂದೆ.

“ಬಂದಾಗಿಂದ ನಿಂತಲ್ಲೆ ನಿಂತಿಲ್ಲ ನೀ. ನೋಡಾಕ ಬಂದೀಯೋ, ಓಡಾಕ ಬಂದೀಯೋ?” ಅಂದಳು ಅಕ್ಕ. ನಾನಾಗಲೇ ಹೊರಟಿದ್ದೆ.

ಹುಲಿಯ ಆವರಣದಲ್ಲಿ ಹುಲ್ಲಿತ್ತು. ಕಾವಲಿನವನು ಬಹಳ ಸಹಾನುಭೂತಿಯಿಂದ, “ಅಬ್ಬೀಚ್ ಅಂದರ್ ಗಯಾ ಸಾಬ್. ಪರ್ಸೋಂ ಆನಾ ಥಾ, ಕ್ಯಾ ಗರ್ಜಾ!” ಎಂದ. ಈಗಷ್ಟೇ ಒಳಗೆ ಹೋಯಿತಂತೆ, ನಾನು ಮೊನ್ನೆ ಬರಬೇಕಿತ್ತಂತೆ, ಭಾರೀ ಗರ್ಜಿಸಿತ್ತಂತೆ. ಹೈದರಾಬಾದಿನವರ ಬಾಯಲ್ಲಿ ‘ಪರ್ಸೋಂ’ ಅಂದರೆ ಮೊನ್ನೆಯೂ ಆಗಬಹುದು, ನಿಜಾಮರ ಕಾಲವೂ ಆಗಬಹುದು. ಆನೆಯತ್ತ ಓಡಿದೆ. ಅದು ಗೋಡೆಗೆ ಮುಖ ಮಾಡಿತ್ತು. ಮನಸ್ಸು ತಡೆಯದೆ ಮತ್ತೆ ಹುಲಿಯತ್ತ ಬಂದೆ. ಆಗ ಪೊದೆ ಅಲುಗಿತು. ಹುಲಿ ಹೊರಗೆ ಬಂತು. ತಲೆಯಿಂದ ಬಾಲದವರೆಗೆ, ಬಿಸಿಲಲ್ಲಿ, ಪೂರ್ತಿ ಹುಲಿ. ಜೀವಮಾನದಲ್ಲಿ ಮೊದಲ ಸಲ ನನ್ನ ಕಾಲುಗಳು ನಿಲ್ಲಲು ಬಯಸಿದವು. ಆದರೆ ನಿಲ್ಲುವಂತಿರಲಿಲ್ಲ. ಏದುಸಿರು ಬಿಡುತ್ತ ಬೆಂಚಿನತ್ತ ಓಡಿದೆ.

“ಅಕ್ಕ, ಏಳು! ಹುಲಿ ಅಡ್ಡಾಡಾಕತ್ತೈತಿ!”

ಅಕ್ಕ ತಿರುಗಲಿಲ್ಲ. “ಇಷ್ಟೊತ್ತು ಎಲ್ಲಿ ಹಾಳಾಗಿ ಹೋಗಿದ್ದಿ? ಈಗಷ್ಟ ಎದ್ದಿತ್ತು, ಈಗ ಮುಣಗಿತು.”

“ಭಾಳ ದೊಡ್ಡದರೀ” ಎಂದಳು ಸುಮಿತ್ರಾ. ನನ್ನ ಹೆಂಡತಿಯ ಕಣ್ಣಲ್ಲಿ ಅಂಥ ಬೆರಗನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

“ಹುಲಿ ಒಳಗ ಹೋಗಿಬಿಡ್ತೈತಿ ಅಕ್ಕ!”

“ಹೋಗ್ಲೇಳು. ಇದು ಇನ್ನೊಮ್ಮೆ ಬಾಯಿ ತೆರೀಬೇಕು, ನಾ ನೋಡಬೇಕು. ಹುಲಿ ಮುಂದಿನ ಸಲ ಬಂದಾಗ ನೋಡಿದ್ರಾತು.”

ಮುಂದಿನ ಸಲ! ಸುಮಿತ್ರಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಹುಲಿ ಎಷ್ಟು ಬೇಕಾದರೂ ಅಡ್ಡಾಡಿಕೊಳ್ಳಲಿ ಎಂದು ನಾನು ಅಕ್ಕನ ಪಕ್ಕದಲ್ಲಿ ಕುಳಿತೆ.

“ಕೇಳು, ಹೇಳ್ತೀನಿ” ಎಂದು ಅಕ್ಕ ಶುರುಮಾಡಿದಳು. ಮೊದಲು ಬೆನ್ನು ಬಂತಂತೆ, ನಮ್ಮ ಹಿತ್ತಲ ಬಣವಿಯಷ್ಟು. ಆಮೇಲೆ ತಲೆ. ಆಮೇಲೆ ಬಾಯಿ ತೆರೆಯಿತಂತೆ. ಒಳಗೆ ಎತ್ತಿನ ಗಾಡಿ ತಿರುಗಿಸಬಹುದಿತ್ತಂತೆ. ಗಾಡಿಯ ಬಗ್ಗೆ ನನಗೆ ಸಣ್ಣದೊಂದು ಅನುಮಾನ ಬಂತು. ಕೇಳಲಿಲ್ಲ. ಹೆಗಲ ಮೇಲೆ ಕುಳಿತವನ ಮಾತನ್ನು ಅವಳು ಅಂದು ಅನುಮಾನಿಸಿದ್ದಳೇ? ಬಾಗಿಲು ಮುಚ್ಚುವ ಸೀಟಿ ಊದುವವರೆಗೂ ನೀರಾನೆ ಮತ್ತೆ ಏಳಲಿಲ್ಲ. ನನಗೆ ದಕ್ಕಿದ್ದು ಅದೇ ಎರಡು ಹೊಳ್ಳೆ. ಅವೂ ಸಾಕಷ್ಟು ದೊಡ್ಡವೇ ಎಂದು ಆ ದಿನ ಗೊತ್ತಾಯಿತು.

ಈಗ ಯಾರಾದರೂ ಸಲಹೆ ಕೇಳಿದರೆ, ಮೊದಲು ಬೆಂಚು ಆರಿಸಿಕೊಳ್ಳಿ, ಅದರ ಎದುರಿಗೆ ಇರುವುದೇ ಶ್ರೇಷ್ಠ ಪ್ರಾಣಿ ಎನ್ನುತ್ತೇನೆ. ಅದನ್ನೂ ಮರುಪರಿಶೀಲಿಸುತ್ತಿದ್ದೇನೆ, ಆಚೆಯ ಬೇವಿನ ಮರದ ಕೆಳಗಿನ ಬೆಂಚಿಗೆ ನೆರಳು ಹೆಚ್ಚು. ಇನ್ನೊಂದು ಮಾತೂ ಸೇರಿಸುತ್ತೇನೆ: ಒಂದು ಪ್ರಾಣಿಯನ್ನಾದರೂ ನೋಡದೆ ಬಿಟ್ಟು ಬನ್ನಿ.

ಮೊನ್ನೆ ಗದಗಿನಿಂದ ಅಕ್ಕನ ಫೋನ್ ಬಂದಿತ್ತು. ಶೇಂಗಾ ಚಟ್ನಿ ಮುಗಿಯಿತೇ ಎಂದು ಕೇಳಿದಳು, ಸುಮಿತ್ರಾಳ ಕೆಮ್ಮು ವಿಚಾರಿಸಿದಳು. ಆಮೇಲೆ ಏನೂ ಅಲ್ಲವೆಂಬ ದನಿಯಲ್ಲಿ, “ಹುಲಿ ಏನ್ ಮಾಡಾಕತ್ತೈತೋ?” ಎಂದಳು.

“ಮಲಗೇತಕ್ಕ” ಎಂದೆ ನಾನು. “ನೀ ಬಂದ ಮ್ಯಾಲೆ ಏಳ್ತೈತಂತ.”

“ಹಂಗಾರ ಆ ಎಲುಬಿನ ಡಾಕ್ಟರು ಏನಂತಾನ, ಇನ್ನೊಮ್ಮೆ ಕೇಳಿ ಇಡು.”