ಪೆಟ್ರೋಲ್ ಕುಡಿದವರು ಯಾರು?

ಹೋದ ತಿಂಗಳು ನಮ್ಮ ಮನೆಯಲ್ಲೊಂದು ಕೇಸ್ ನಡೆಯಿತು. ಆರೋಪಿ ನಾನು. ಲೀಟರಿಗೆ ಐವತ್ತೈದು ಕಿಲೋಮೀಟರ್ ಕೊಡುತ್ತಿದ್ದ ಬೈಕನ್ನು ನಲವತ್ತಕ್ಕೆ ಇಳಿಸಿದೆ ಎಂಬುದು ಆರೋಪ.

ಬೈಕು ನಮ್ಮ ಯಜಮಾನರದು. ಬಾತ್‌ರೂಮಿನಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚಿದ ಮೇಲೂ ಸದ್ಯಕ್ಕೆ ಗಾಡಿ ಮುಟ್ಟಬೇಡಿ ಎಂದರು ಡಾಕ್ಟರ್. ಹಾಗೆ ಕೀ ನನ್ನ ಕೈಗೆ ಬಂತು. (ಸ್ಕೂಟರ್ ಅಲ್ಲ, ಗೇರ್ ಇರುವ ಬೈಕು. ಮದುವೆಗೆ ಮುಂಚೆ ಅಪ್ಪನ ಬೈಕಿನಲ್ಲಿ ಬನಶಂಕರಿಯೆಲ್ಲ ಸುತ್ತಿದವಳು ನಾನು. ಮದುವೆಯಾದ ಮೇಲೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.)

ಬೆಳಿಗ್ಗೆ ಜೆ.ಪಿ. ನಗರದಿಂದ ವಿಲ್ಸನ್ ಗಾರ್ಡನ್ನಿನ ನನ್ನ ಆಫೀಸಿಗೆ. ಸಂಜೆ ಅವರನ್ನು ಹಿಂದೆ ಕೂರಿಸಿಕೊಂಡು ಜಯನಗರಕ್ಕೆ, ಫಿಸಿಯೋಥೆರಪಿಗೆ. ಇಪ್ಪತ್ತು ವರ್ಷ ಅವರ ಬೆನ್ನ ಹಿಂದೆ ಕೂತವಳು ಈಗ ಮುಂದೆ. ಏನು ಗಾಳಿ, ಏನು ಗತ್ತು!

ಅಷ್ಟರಲ್ಲಿ ಮೈಲೇಜ್ ಬಿತ್ತು.

ಹುಳಿಮಾವಿನಲ್ಲಿರುವ ನನ್ನ ಮೈದುನ ಫೋನಿನಲ್ಲೇ ರೋಗ ಕಂಡುಹಿಡಿದ. ಅತ್ತಿಗೆ ಕ್ಲಚ್ ಹಿಡಿದುಕೊಂಡೇ ಓಡಿಸುತ್ತಾರಂತೆ, ಸೆಕೆಂಡ್ ಗೇರ್ ಬಿಟ್ಟು ಮೇಲೆ ಹೋಗುವುದಿಲ್ಲವಂತೆ. (ನಾನು ಬೈಕ್ ಓಡಿಸಿದ್ದನ್ನು ಅವನು ಒಮ್ಮೆಯೂ ನೋಡಿಲ್ಲ.) ಅಣ್ಣನ ಕೈ ಸರಿಹೋಗುವವರೆಗೆ ಗಾಡಿ ತನ್ನ ಹತ್ತಿರವೇ ಇರಲಿ, ಭಾನುವಾರ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದ. ನಮ್ಮ ಯಜಮಾನರು ಬೇಡ ಎನ್ನಲಿಲ್ಲ. ನನಗೆ ಚುಚ್ಚಿದ್ದು ಅದು.

ಭಾನುವಾರದೊಳಗೆ ಕಳ್ಳನನ್ನು ಹಿಡಿಯಬೇಕಿತ್ತು. ಬಂಕಿನಲ್ಲಿ ಟೈರಿನ ಗಾಳಿ ಚೆಕ್ ಮಾಡಿಸಿದೆ, ಸರಿಯಾಗಿತ್ತು. ಮೆಕ್ಯಾನಿಕ್ ಪ್ಲಗ್ ಬಿಚ್ಚಿದ, ಏರ್ ಫಿಲ್ಟರ್ ನೋಡಿದ. ಎಲ್ಲ ಕ್ಲೀನ್ ಇದೆ ಎಂದವನು ಆಮೇಲೆ ನಯವಾಗಿ ಕೇಳಿದ, ಗಾಡಿ ಓಡಿಸೋದು ಯಾರು ಮೇಡಂ ಎಂದು. ನಾನೇ ಎಂದೆ. "ಓ..." ಎಂದ. ಆ ಒಂದು "ಓ" ಕೇಳಿಸಿಕೊಂಡ ಹೆಂಗಸರಿಗೆ ಅದರ ಅರ್ಥ ನಾನು ಬಿಡಿಸಿ ಹೇಳಬೇಕೇ?

ಶನಿವಾರ ಸಂಜೆ ಫಿಸಿಯೋ ಮುಗಿಸಿ ಬಂದು, ಇಂಜಿನ್ ಆಫ್ ಮಾಡಿ, ಬೈಕನ್ನು ಗೇಟಿನೊಳಗೆ ತಳ್ಳುತ್ತಿದ್ದೆ. ಏದುಸಿರು ಬಂತು. ಮೊದಲೆಲ್ಲ ಸಲೀಸಾಗಿ ಉರುಳಿಕೊಂಡು ಹೋಗುತ್ತಿದ್ದ ಗಾಡಿ. ನನಗೇ ವಯಸ್ಸಾಯಿತೇ?

ಅಪ್ಪ ಹಿಂದೆ ಮಾಡುತ್ತಿದ್ದದ್ದು ನೆನಪಾಯಿತು. ಬಗ್ಗಿ ಹಿಂದಿನ ಚಕ್ರದ ನಡುಭಾಗದ ಹತ್ತಿರ ಕೈ ಒಡ್ಡಿದೆ. ದೋಸೆ ಹೆಂಚಿನ ಹಾಗೆ ಕಾದಿತ್ತು. ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿದರೆ ಅರ್ಧ ಸುತ್ತಿಗೇ ಕರಕರ ಎಂದು ನಿಂತುಬಿಟ್ಟಿತು. ಬ್ರೇಕ್ ಒತ್ತದೆಯೇ ಬ್ರೇಕ್ ಹಿಡಿದುಕೊಂಡಿತ್ತು! ಇಂಜಿನ್ ಮುಂದಕ್ಕೆ ಎಳೆಯುತ್ತದೆ, ಬ್ರೇಕ್ ಹಿಂದಕ್ಕೆ ಜಗ್ಗುತ್ತದೆ. ಪೆಟ್ರೋಲ್ ಕುಡಿಯದೆ ಇನ್ನೇನು?

ಆ ಬ್ರೇಕಿನ ಕಂಬಿಯ ತುದಿಯಲ್ಲೊಂದು ನಟ್ಟು ಇದೆ. ಬಿಗಿ ಮಾಡಿದಷ್ಟೂ ಬ್ರೇಕ್ ಬೇಗ ಹಿಡಿಯುತ್ತದೆ. ಸ್ಪ್ಯಾನರ್ ಬೇಡ, ಕೈಯಲ್ಲೇ ತಿರುಗಿಸಬಹುದು. ಅದರ ಜಿಡ್ಡಿನ ಮೇಲೆ ಬೆರಳುಗಳ ಗುರುತು. ತಲೆ ಎತ್ತಿದೆ. ಗೇಟಿನ ಹತ್ತಿರ ನಿಂತಿದ್ದ ನಮ್ಮ ಯಜಮಾನರು ಎದುರುಮನೆಯ ತೆಂಗಿನಮರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ರೀ, ಇದನ್ನ ತಿರುಗಿಸಿದ್ದು ನೀವಾ?"

"ಎಡಗೈಲಿ, ಒಂದೇ ಸುತ್ತು," ಎಂದರು. ಮತ್ತೆ ತೆಂಗಿನಮರದ ಕಡೆ ತಿರುಗಿ, "ಆಮೇಲೆ ಇನ್ನೊಂದ್ ಸಲ."

"ಯಾಕೆ?"

"ಹಿಂದೆ ಕೂತ್ರೆ ಕಾಲಿಗೆ ಬ್ರೇಕೇ ಸಿಗಲ್ಲ ಕಣೇ. ಭಯ ಆಗುತ್ತೆ."

ನನಗೆ ಸಿಟ್ಟೂ ಬಂತು, ನಗುವೂ ಬಂತು. ಇಪ್ಪತ್ತು ವರ್ಷ ನಾನು ಹಿಂದೆ ಕೂತಿದ್ದೆನಲ್ಲ, ನನ್ನ ಕಾಲಿಗೆ ಏನು ಸಿಕ್ಕಿತ್ತು? ಬಸ್ಸು ಒತ್ತಿಕೊಂಡು ಬಂದರೆ ಅವರ ಶರ್ಟು ಹಿಡಿದುಕೊಂಡು ಕಣ್ಣು ಮುಚ್ಚುತ್ತಿದ್ದೆ, ಅಷ್ಟೆ. ಇಳಿದ ಮೇಲೆ ನಟ್ಟು ಬಿಗಿ ಮಾಡಬೇಕೆಂದು ಒಂದು ದಿನವೂ ಹೊಳೆಯಲಿಲ್ಲ. ಗಾಡಿಯನ್ನು ಹೆಂಗಸಿನ ಕೈಗೆ ಕೊಡುವುದು, ಅವಳಿಗೆ ಗೊತ್ತಾಗದ ಹಾಗೆ ಬ್ರೇಕ್ ಬಿಗಿ ಮಾಡುವುದು, ಆಮೇಲೆ ಅವಳಿಗೆ ಓಡಿಸಲು ಬರುವುದಿಲ್ಲ ಎನ್ನುವುದು. ಇದು ನಮ್ಮ ಮನೆಯೊಂದರ ಕಥೆಯೇ? ನಿಮ್ಮ ಆಫೀಸಿನಲ್ಲಿ ನೋಡಿಲ್ಲವೇ?

ನಟ್ಟು ಸಡಿಲಿಸಿದೆ. ಪೆಡಲ್ ಒತ್ತಿ ನೋಡಿದೆ, ಬ್ರೇಕ್ ಎಷ್ಟು ಬೇಕೋ ಅಷ್ಟು ಹಿಡಿಯಿತು. ಚಕ್ರ ಸುಯ್ ಎಂದು ತಿರುಗಿತು. ಭಾನುವಾರ ಬಂದ ಮೈದುನನಿಗೆ ಕಾಫಿ ಕೊಟ್ಟು, ಇನ್ನೊಂದು ಟ್ಯಾಂಕ್ ಮುಗಿಯಲಿ, ಆಮೇಲೆ ಮಾತಾಡೋಣ ಎಂದು ಕಳಿಸಿದೆ.

ಟ್ಯಾಂಕ್ ಮುಗಿಯಿತು. ಐವತ್ತೆಂಟು! ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದವಳಿಗೆ ನಮ್ಮ ಯಜಮಾನರು ತಮ್ಮನಿಗೆ ಫೋನ್ ಮಾಡಿದ್ದು ಕೇಳಿಸಿತು. "ನನ್ ಕೈಲೇ ಇಷ್ಟು ಬಂದಿರ್ಲಿಲ್ಲ ಕಣೋ. ನಿಮ್ಮತ್ತಿಗೆ ಸಖತ್ತಾಗಿ ಓಡಿಸ್ತಾಳೆ." ಬಿಂಕವಿಲ್ಲದೆ ಹೇಳುತ್ತೇನೆ, ಆ ಕ್ಷಣ ನನಗೆ ನನ್ನ ಮೇಲೆಯೇ ಬಹಳ ಹೆಮ್ಮೆಯಾಯಿತು. ಒಪ್ಪಿಕೊಂಡ ಅವರ ಮೇಲೂ, ಸ್ವಲ್ಪ.

ಈಗ ಅವರ ಕೈ ಪೂರ್ತಿ ವಾಸಿಯಾಗಿದೆ. ಕೀ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ. ವಾಪಸ್ ಕೊಡಬೇಕಾ?