ಪಂಪಿನ ಬಾಯಿಗೆ ಸುತ್ತಿದ ನೂಲು

ವಡಗಾವಿಯ ನಮ್ಮ ನೇಕಾರರ ಓಣಿಯಲ್ಲಿ ಯಾವ ಪೈಪು ಸೋರಿದರೂ ಮದ್ದು ಒಂದೇ. ಮಗ್ಗದ ಕೆಳಗೆ ಬಿದ್ದ ಹತ್ತಿಯ ನೂಲನ್ನು ಎತ್ತಿಕೊಂಡು, ಸಫೇದಾ ಎಂಬ ಬಿಳಿ ಪೇಸ್ಟಿನಲ್ಲಿ ಅದ್ದಿ, ತಿರುಪಿನ ಮೇಲೆ ಸುತ್ತಿ ಬಿಗಿಯುವುದು. ನಳದ ನೀರಿರಲಿ, ನೂಲಿಗೆ ಗಂಜಿ ಹಾಕುವ ಯಂತ್ರದ ಉಗಿ ಇರಲಿ, ಆಮೇಲೆ ಹನಿಯೂ ಹೊರಬರುವುದಿಲ್ಲ. ಹತ್ತನೇ ಇಯತ್ತೆ ಮುಗಿಸಿ ಮಗ್ಗ ರಿಪೇರಿಗೆ ಇಳಿದ ನಾನು ಆಯುಷ್ಯವೆಲ್ಲ ಇದನ್ನೇ ಮಾಡಿದವನು. ಅಂಗಿಯ ಜೇಬಿನಲ್ಲಿ ಒಂದು ನೂಲಿನ ಉಂಡೆ ಯಾವಾಗಲೂ ಇರುತ್ತಿತ್ತು. ಆ ಉಂಡೆಯಿಂದ ನಾನು ಒಬ್ಬ ಮನುಷ್ಯನಿಗೆ ಏನು ಮಾಡಿದೆ ಎಂಬುದನ್ನು ಬರೆಯುತ್ತಿದ್ದೇನೆ.

ಆ ಮನುಷ್ಯ ನನ್ನ ಗೆಳೆಯ. ಖಾನಾಪುರದವನು, ಹುಡುಗರಿಗೆ ಲೇಥ್ ಕೆಲಸ ಕಲಿಸಿ ನಿವೃತ್ತನಾದ ಮಾಸ್ತರ. ಪಾರಿಶ್ವಾಡದ ಹತ್ತಿರ ಅವನ ಮನೆತನದ ಹೊಲವಿತ್ತು. ಅಲ್ಲಿಯ ತಗಡಿನ ಶೆಡ್ಡಿನಲ್ಲಿ ಅವನು ಒಬ್ಬರೇ ಕೂಡ್ರುವಂಥ ಸಣ್ಣ ವಿಮಾನ ಕಟ್ಟುತ್ತಿದ್ದ. ನಾನು ವಾರಕ್ಕೆ ಒಂದೆರಡು ಸಲ ಬಸ್ಸು ಹಿಡಿದು ಹೋಗಿ ಕೈಜೋಡಿಸುತ್ತಿದ್ದೆ. ಬಾಜು ಹೊಲದವರು ಬದುವಿನ ಮೇಲೆ ನಿಂತು ಚಾಷ್ಟಿ ಮಾಡುವರು.

"ಮಾಸ್ತರ, ಹಲಸಿ ಗುಡಿಗೆ ತಿಕೀಟ ಎಷ್ಟರೀ?"

"ಒಳಗ ಜಾಗಾ ಇಲ್ಲೋ. ರೆಕ್ಕಿ ಮ್ಯಾಲ ಕುಂದರತಿದ್ದರ ಅರ್ಧಾ ತಿಕೀಟ," ಎನ್ನುವನು ಇವನು, ತಲೆ ಎತ್ತದೆ.

ಅವನ ವಿಮಾನದಲ್ಲಿ ಪೆಟ್ರೋಲ್ ಟ್ಯಾಂಕು ರೆಕ್ಕೆಯೊಳಗೆ, ಎಂಜಿನ್ನಿಗಿಂತ ಕೆಳಗೆ ಇತ್ತು. ಪೆಟ್ರೋಲನ್ನು ಎಳೆದು ಮೇಲೇರಿಸುವ ಪಂಪು ಎಂಜಿನ್ನಿಗೇ ಅಂಟಿಕೊಂಡಿತ್ತು. ಅದು ಕೆಟ್ಟರೆ ಎಂಜಿನ್ ನಿಂತುಹೋಗುತ್ತದೆ ಎಂದು, ನಡುವೆ ಇನ್ನೊಂದು ಪಂಪು ಕೂಡಿಸಲು ಅವನು ಹೊರಟ. ಇದು ಕರೆಂಟಿನದು. ಸ್ವಿಚ್ ಹಾಕಿದರೆ ಟಿಕ್ ಟಿಕ್ ಎನ್ನುತ್ತ ಪೆಟ್ರೋಲ್ ದೂಡುತ್ತದೆ. ಏಳುವಾಗ, ಇಳಿಯುವಾಗ ಅದು ನಡೆಯುತ್ತಿರಲೇಬೇಕು ಎಂಬುದು ಅವನ ಕಟ್ಟಳೆ.

ಹೊಸ ಪಂಪಿನ ಬಾಯಿಗೆ ಕೂಡಿಸುವ ಹಿತ್ತಾಳೆಯ ತುಂಡನ್ನು ನಾನೇ ವಡಗಾವಿಯ ಲೇಥಿನಲ್ಲಿ ತಿರುಗಿಸಿ, ಆಟೆ ಎಂಬ ತಿರುಪಿನ ಸುತ್ತುಗಳನ್ನು ಕೊರೆದು ತಂದಿದ್ದೆ. ಕೂಡಿಸಿ ನೋಡಿದಾಗ ಬುಡದಲ್ಲಿ ಪೆಟ್ರೋಲ್ ಜಿನುಗಿತು. ಗೆಳೆಯ ಬೆರಳಿನಿಂದ ಒರೆಸಿ ಮೂಸಿದ.

"ಆಟೆ ಸರಿ ಕುಂತಿಲ್ಲ ದೋಸ್ತಾ. ಇದನ್ನ ತೆಗದ ಒಗಿ. ಪ್ಯಾಟ್ಯಾಗ ತಯಾರ ಸಿಗೂದು ತರೂಣು."

"ಒಂದೀಟ ನೂಲು ಸುತ್ತಿದರ ಮುಗೀತಲ್ಲೋ."

"ಪೆಟ್ರೋಲ್ ಲೈನಿನ್ಯಾಗ ನೂಲು ಬ್ಯಾಡ, ಪೇಸ್ಟ್ ಬ್ಯಾಡ. ಇದು ನಿಮ್ಮ ಓಣಿ ನಳ ಅಲ್ಲ."

ನಕ್ಕೇ ಅಂದಿದ್ದ. ಆದರೆ ನಾನು ತಿರುಗಿಸಿದ ಆಟೆಗೆ ಯಾರೂ ಅಂದಿನವರೆಗೆ ತಪ್ಪು ತೆಗೆದಿರಲಿಲ್ಲ. ಆ ಮಾತು ಎದೆಯಲ್ಲಿ ಸಿಕ್ಕಿಕೊಂಡಿತು.

ಅವರದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಬಿಸಿಲು ಕೆಂಪಾದ ಕೂಡಲೇ ಗೆಳೆಯ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು ಕೈತೊಳೆಯುತ್ತಿದ್ದ, ತಿರುಪು ಅರ್ಧ ಒಳಗಿದ್ದರೂ ಸರಿಯೇ. ಅವನ ಹೆಂಡತಿ, ನಾನು ವೈನಿ ಎನ್ನುತ್ತಿದ್ದೆ, ಹೊಲದ ಮನೆಯಲ್ಲಿ ಇಬ್ಬರಿಗೂ ತಾಟು ಇಡುತ್ತಿದ್ದಳು. ಆ ಸಂಜೆ ಮಾತ್ರ ನಾನು ಹಸಿವಿಲ್ಲ ಎಂದೆ. ಅವನು ಉಂಡು ಬರುವಷ್ಟರಲ್ಲಿ ನನ್ನ ತುಂಡನ್ನು ಬಿಚ್ಚಿ, ಜೇಬಿನ ನೂಲಿಗೆ ಸಫೇದಾ ಹಚ್ಚಿ, ಸುತ್ತಿ ಬಿಗಿದೆ. ಹೊರಗೆ ಕಂಡ ಬಿಳಿಯನ್ನು ಉಗುರಿನಿಂದ ಕೆರೆದು ತೆಗೆದೆ.

ಮರುದಿನ ಅವನು ಮುಟ್ಟಿ ನೋಡಿದ. ಒಣಗಿತ್ತು.

"ಏನ ಮಾಡಿದ್ಯೋ?"

"ಬಿಗಿ ಮಾಡೇನಿ. ಅಷ್ಟ."

"ಹಂಗಾದ್ರ ನಿನ್ನ ಆಟೆಗೆ ಸುಮ್ಮ ಬೈದೆ," ಎಂದು ಬೆನ್ನು ತಟ್ಟಿದ. ಹೇಳಿಬಿಡಲು ಅದು ಒಳ್ಳೆಯ ಗಳಿಗೆಯಾಗಿತ್ತು.

ಹಾರಿಸುವ ಪರವಾನಗಿ ಇನ್ನೂ ಬಂದಿರಲಿಲ್ಲ. ಒಂದು ಮುಂಜಾನೆ ನೆಲದ ಮೇಲೆ ಜೋರಾಗಿ ಓಡಿಸಿ ನೋಡುವುದೆಂದು ಠರಾಯಿಸಿದೆವು. ನಾನು ರೆಕ್ಕೆ ಹಿಡಿದು ನಿಂತಿದ್ದೆ. ಅವನು ಮೊದಲು ಸ್ವಿಚ್ ಹಾಕಿದ. ಪಂಪು ಟಿಕ್ ಟಿಕ್ ಎಂದಿತು. ಎಂಜಿನ್ ಶುರುವಾಗುವ ಮೊದಲು ಆ ಸದ್ದನ್ನು ಇಬ್ಬರೂ ಕೇಳಿದೆವು. ಅವನು ನನ್ನ ಕಡೆ ಹೆಬ್ಬೆರಳು ಎತ್ತಿದ.

ಹೊಲದ ಕೊನೆಗೆ ಹೋಗುವಷ್ಟರಲ್ಲಿ ಗಾಲಿಗಳು ನೆಲ ಬಿಟ್ಟವು. ಎದುರಿಗೆ ಬದು ಇದ್ದುದರಿಂದ ಅವನು ಮೇಲೇರಿಸಿದನೋ, ಅದೇ ಏರಿತೋ, ತಿಳಿಯದು. ಬೇವಿನ ಮರದಷ್ಟು ಎತ್ತರಕ್ಕೆ ಹೋಗಿತ್ತು. ಎಂಜಿನ್ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು, ನಿಂತಿತು. ಆಚೆಯ ಕಬ್ಬಿನಲ್ಲಿ ಬಿದ್ದ ಸದ್ದು ದೊಡ್ಡದೇನಲ್ಲ.

ಅಲ್ಲಿಗೆ ಮೊದಲು ಮುಟ್ಟಿದವನು ನಾನು. ಅವನಿಗೆ ಎಚ್ಚರ ಇರಲಿಲ್ಲ, ಎಡಗಾಲು ಸೊಟ್ಟಗಾಗಿತ್ತು. ಪೆಟ್ರೋಲ್ ಸುರಿಯುತ್ತಿತ್ತು. ಬೆಂಕಿ ಹತ್ತಬಾರದೆಂದು ಟ್ಯಾಂಕಿನ ಕಾಕ್ ಮುಚ್ಚಿದೆ, ಸ್ವಿಚ್ಚುಗಳನ್ನೆಲ್ಲ ಕೆಳಗೆ ಮಾಡಿ ಆರಿಸಿದೆ. ಅದು ತಪ್ಪಲ್ಲ. ತಪ್ಪು ಮುಂದಿನದು.

ಬೆಳಗಾವಿಯ ಆಸ್ಪತ್ರೆಯಲ್ಲಿ ಅವನು ಮಲಗಿದ್ದಾಗ ನಾನು ಹೊಲಕ್ಕೆ ಹೋಗಿ ಎಂಜಿನ್ ಬಿಚ್ಚಿದೆ. ನನ್ನ ನೂಲು ಎಳೆ ಎಳೆಯಾಗಿ, ಕರಗಿದ ಸಫೇದಾದೊಂದಿಗೆ ಮುದ್ದೆಯಾಗಿ ಎಂಜಿನ್ ಪಂಪಿನ ಜಾಲರಿಯಲ್ಲಿ ಕೂತಿತ್ತು. ಆ ಜಾಲರಿ ಕಟ್ಟಿದರೆ ಒಂದು ಪಂಪು ಎಳೆದೂ ಫಲವಿಲ್ಲ, ಇನ್ನೊಂದು ದೂಡಿಯೂ ಫಲವಿಲ್ಲ. ಜೀವ ಉಳಿಸಲು ಕೂಡಿಸಿದ ಪಂಪಿನ ಬಾಯಿಂದಲೇ ಆ ನೂಲು ಒಳಗೆ ಹೋಗಿತ್ತು. ಮುದ್ದೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಜಾಲರಿಯನ್ನು ತೊಳೆದಿಟ್ಟೆ.

ಅವನಿಗೆ ಆ ಮುಂಜಾನೆಯ ನೆನಪು ಪೂರಾ ಅಳಿಸಿಹೋಗಿತ್ತು. ಕುಂಟುತ್ತ ಬಂದು ವಿಮಾನವನ್ನು ನೋಡಿದ. ಕೆಳಗಾಗಿದ್ದ ಪಂಪಿನ ಸ್ವಿಚ್ಚಿನ ಮೇಲೆ ಬೆರಳಿಟ್ಟ.

"ಎಂಜಿನ್ ಪಂಪ್ ಕೈ ಕೊಟ್ಟಿರಬೇಕು. ನಾ ಇದನ್ನ ಹಾಕೂದ ಮರತೀನಿ ನೋಡು."

ನಾನು ಹೂಂ ಎಂದೆ. ಅಷ್ಟೇ ಅಂದದ್ದು.

ಅಲ್ಲಿಂದ ಅವನು ಬೇರೆಯೇ ಮನುಷ್ಯನಾದ. ಮನೆಗೆ ಕೀಲಿ ಹಾಕಿ ಓಣಿಯ ತುದಿಗೆ ಹೋದವನು ತಿರುಗಿ ಬಂದು ಜಗ್ಗಿ ನೋಡುವನು. ಗ್ಯಾಸಿನ ಗುಂಡಿ ಆರಿಸಿದೆನೇ ಎಂದು ವೈನಿಯನ್ನು ಕೇಳುವನು, ಅವಳು ಹೌದೆಂದರೂ ಏಳುವನು. ಕಾಲು ನೆಟ್ಟಗಾದ ಮೇಲೂ ಸ್ಕೂಟರ್ ಮುಟ್ಟಲಿಲ್ಲ; ಯಾರಿಗಾದರೂ ಹಾಯಿಸಿಬಿಟ್ಟೇನು ಎಂದ. ವಿಮಾನದ ಮೇಲೆ ತಾಡಪತ್ರಿ ಹೊದೆಸಿದ. ನಾನು ಮೊದಲಿನಂತೆ ಹೋಗುತ್ತಿದ್ದೆ, ಚಹಾ ಕುಡಿದು ಬರುತ್ತಿದ್ದೆ. ವಯಸ್ಸಾದ ಮೇಲೆ ಎಲ್ಲರಿಗೂ ಮರೆವು ಇದ್ದದ್ದೇ ಎಂದು ಸಮಾಧಾನವನ್ನೂ ಹೇಳಿದೆ.

ಈ ವರ್ಷ ವೈನಿ ಒಂದು ದಿನ ಬಾಗಿಲವರೆಗೆ ಕಳಿಸಲು ಬಂದು, "ಭಾವೂಜಿ, ಅವರು ಮೊಮ್ಮಗಳನ್ನ ಎತ್ತಿಕೊಳ್ಳಾಕ ಒಲ್ಲೆ ಅಂತಾರ್ರೀ. ಎಲ್ಲರ ಇಟ್ಟು ಮರತೇನು ಅಂತ ಅಂಜತಾರ," ಎಂದಳು. ನಾನು ನಿಲ್ದಾಣದವರೆಗೆ ಹೋದವನು ತಿರುಗಿ ಬಂದೆ.

ಅವನು ಪಡಸಾಲೆಯಲ್ಲಿ ಕುಳಿತಿದ್ದ.

"ಬಸ್ ತಪ್ಪಿತೇನೋ?"

"ಆ ದಿನ ಸ್ವಿಚ್ ನೀ ಹಾಕಿದ್ದಿ," ಎಂದೆ. "ಪಂಪ್ ನಡದದ್ದು ನನ್ನ ಕಿವಿಲೆ ಕೇಳೇನಿ. ಬಿದ್ದ ಮ್ಯಾಲ ಕೆಳಗ ಮಾಡಿದಾಂವ ನಾನು."

ಅವನು ನನ್ನನ್ನೇ ನೋಡಿದ. "ಮತ್ತ ಎಂಜಿನ್ ಯಾಕ ನಿಂತಿತು?"

"ನೂಲು ಸುತ್ತಿದ್ದೆ. ಸಫೇದಾ ಹಚ್ಚಿ."

"ನಾ ಬ್ಯಾಡಂದಿದ್ದೆ."

"ಅಂದಿದ್ದಿ."

ಒಳಗಿನಿಂದ ವೈನಿ, "ಹೊತ್ತು ಮುಣಗತೈತಿ, ಇಬ್ಬರೂ ಏಳ್ರಿ," ಎಂದು ಕರೆದಳು. ಅವನು ಏಳಲಿಲ್ಲ. ಅವಳು ಮತ್ತೆ ಕರೆದಳು. ಕಿಟಕಿಯ ಬೆಳಕು ಗೋಡೆಯಿಂದ ಇಳಿದು ಹೋಯಿತು. ಇನ್ನು ಮರುದಿನ ಹೊತ್ತು ಏರುವವರೆಗೆ ಅವನು ನೀರನ್ನೂ ಮುಟ್ಟುವವನಲ್ಲ ಎಂದು ನನಗೆ ಗೊತ್ತಿತ್ತು.

"ಕಾಲಿನ ಮಾತ ಬಿಡು," ಎಂದ ಕೊನೆಗೆ. "ಎಲವು ಕೂಡತಾವ. ತಲಿ ಕೆಟ್ಟೈತಿ ಅಂತ ನಾ ದಿನಾ ಅಂಜಿ ಸತ್ತೀನಿ. ನೀ ಎದುರಿಗೆ ಕುಂತು ಚಾ ಕುಡದಿ."

ನಾನು ಎದ್ದು ಬಂದೆ. ಅವನು ಕುಂದರು ಎನ್ನಲಿಲ್ಲ. ಫೋನು ಮಾಡಿದರೆ ಈಗ ವೈನಿ ಎತ್ತಿ, ಹೊರಗೆ ಹೋಗ್ಯಾರ ಎನ್ನುತ್ತಾಳೆ.

ಹೋದ ತಿಂಗಳು ಬೆಳಗಾವಿಯ ಪೇಟೆಯಲ್ಲಿ ಅವನನ್ನು ಕಂಡೆ. ಖಾನಾಪುರದಿಂದ ಒಬ್ಬನೇ ಸ್ಕೂಟರ್ ಹೊಡೆದುಕೊಂಡು ಬಂದಿದ್ದ. ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಲ್ಲಿಸಿ, ಕೀಲಿ ಹಾಕಿದ. ತಲೆ ಎತ್ತಿದಾಗ ರಸ್ತೆಯ ಈಚೆ ನಿಂತ ನನ್ನನ್ನು ನೋಡಿದ. ನೋಡಿದ್ದು ಖರೇ. ಆಮೇಲೆ ಅಂಗಡಿಯ ಮೆಟ್ಟಿಲು ಹತ್ತಿ, ಪೆಟ್ರೋಲಿನ ಪೈಪಿಗೆ ಹಾಕುವ ಹಿತ್ತಾಳೆಯ ತುಂಡು ತೋರಿಸಲು ಹೇಳಿದ. ಹಾಕಿದ ಕೀಲಿಯನ್ನು ಒಮ್ಮೆಯೂ ತಿರುಗಿ ನೋಡಲಿಲ್ಲ.